ಗುರುತಿಲ್ಲದ ಅಂಗಿ

ಶಾಲೆಗೆ ಸೈನಿಕರು ಬಂದು ಬಿಡಾರ ಹೂಡಿದ ಮೇಲೆ ಹುಡುಗಿಗೆ ಮನೆಯ ಲಾಂಡ್ರಿಯೇ ಶಾಲೆಯಾಯಿತು. ಅವಳು ಕೂರುತ್ತಿದ್ದ ಬೆಂಚು ಮೊದಲ ಚಳಿಗೇ ಅವರ ಒಲೆ ಸೇರಿತ್ತು. ಈಗ ಅಲ್ಲಿ ಮಲಗುವವರ ಅಂಗಿ, ಷರಾಯಿ, ಹೊದಿಕೆಗಳೆಲ್ಲ ಒಗೆಯಲು ಇವರ ಮನೆಗೇ ಬರುತ್ತಿದ್ದವು. ಅಪ್ಪ ಯುದ್ಧಕ್ಕೆ ಮೊದಲೇ ತೀರಿಕೊಂಡಿದ್ದ. ಅಮ್ಮ ಹಂಡೆಯ ಮುಂದೆ ನಿಂತು ಬಟ್ಟೆ ಕುದಿಸುತ್ತಿದ್ದಳು. ಹಿಂಡುವುದು, ಹರವುವುದು, ಗುರುತು ಹಾಕುವುದು ಹುಡುಗಿಯ ಪಾಲು.

ಗುರುತೆಂದರೆ ಕಾಲರಿನ ಒಳಗಡೆ ಬಣ್ಣದ ದಾರದ ನಾಲ್ಕು ಹೊಲಿಗೆ. ಡಾಕ್ಟರ ಮನೆಯ ಬಟ್ಟೆಗೆ ಹಸಿರು, ಬ್ರೆಡ್ಡಿನಂಗಡಿಯವರಿಗೆ ಹಳದಿ, ಸೈನ್ಯಕ್ಕೆ ಕಪ್ಪು. ಸ್ವಂತ ಬಟ್ಟೆಗೆ ಮಾತ್ರ ಏನೂ ಇಲ್ಲ. ನಮ್ಮದು ನಮಗೆ ಗೊತ್ತಾಗದೆ ಇರುತ್ತದೆಯೇ ಎಂದು ಅಪ್ಪ ನಗುತ್ತಿದ್ದ, ಅದೇ ರೂಢಿ ಉಳಿದುಬಂದಿತ್ತು.

ಸೈನ್ಯದ ಅಂಗಿಗಳಲ್ಲಿ ಒಂದೊಂದರ ಮೇಲೆ ದುಂಡನೆಯ ತೂತು ಇರುತ್ತಿತ್ತು. ಮೊದಲ ಸಲ ಕಂಡಾಗ ಹುಡುಗಿ ಅಮ್ಮನ ಮುಂದೆ ಹಿಡಿದಳು.

"ಹುಳ ತಿಂದಿದೆ," ಎಂದಳು ಅಮ್ಮ. "ಕಾಣದ ಹಾಗೆ ರಫು ಮಾಡು."

ಎದೆಯಲ್ಲಿ ಹೊಕ್ಕು ಬೆನ್ನಲ್ಲಿ ಹೊರಬಂದ ಹುಳಗಳೂ ಇದ್ದವು. ಹುಡುಗಿ ಮತ್ತೆ ಕೇಳಲಿಲ್ಲ. ದಾರಕ್ಕೆ ದಾರ ಹೆಣೆದು ತೂತು ಮುಚ್ಚುವುದನ್ನು ಕಲಿತಳು. ಆ ಅಂಗಿಗಳು ಹೊಸದಾಗಿ ಬಂದವರ ಮೈಮೇಲೆ ಹೋಗುತ್ತವೆ ಎಂಬುದನ್ನೂ ತಾನಾಗಿ ತಿಳಿದುಕೊಂಡಳು.

ಹಂಡೆಯ ಕೋಣೆಯ ಮೇಲೊಂದು ಅಟ್ಟ. ಹರಿದ ಹಾಸುಗಳ ಮೂಟೆಗಳ ಹಿಂದೆ ಅವಳ ಅಣ್ಣ ಇದ್ದ. ಬೀದಿಯ ಹುಡುಗರನ್ನೆಲ್ಲ ಸೈನ್ಯಕ್ಕೆ ಎಳೆದುಕೊಂಡು ಹೋದ ದಿನದಿಂದ ಅವನು ಕೆಳಗಿಳಿದು ನೆಟ್ಟಗೆ ನಿಂತದ್ದಿಲ್ಲ. ಊರಿಗೆಲ್ಲ ಅವನು ಗಡಿ ದಾಟಿ ಓಡಿಹೋದವನು. ಊಟ ಕೊಡಲು ಹುಡುಗಿ ಏಣಿ ಹತ್ತಿದರೆ ಅವನಿಗೆ ಎಲ್ಲಿಲ್ಲದ ಚೇಷ್ಟೆ. ಅವಳನ್ನು ಕರೆಯುತ್ತಿದ್ದದ್ದೇ ಮೂಗಿ ಎಂದು. ಇವಳಿಗೆ ಗುಟ್ಟು ಹೇಳುವುದೂ ಒಂದೇ, ಬಾವಿಗೆ ಕಲ್ಲು ಹಾಕುವುದೂ ಒಂದೇ ಎನ್ನುತ್ತಿದ್ದ. ಅವನಿಗೆ ಕೆಮ್ಮು ಬಂದರೆ ಅಮ್ಮ ಕೂಡಲೇ ಬಟ್ಟೆ ತಿರುವುವ ಕೋಲಿನಿಂದ ಹಂಡೆ ಬಡಿಯುತ್ತಿದ್ದಳು. ಅಮ್ಮನಿಗೆ ಇತ್ತೀಚೆಗೆ ಸಿಟ್ಟು ಜಾಸ್ತಿ ಎಂದುಕೊಂಡಿದ್ದರು ಅಕ್ಕಪಕ್ಕದವರು.

ಕೆಮ್ಮಿಗೆ ಕಾರಣ ಒದ್ದೆ ಬಟ್ಟೆ. ಮನೆಯಲ್ಲಿ ಇಬ್ಬರು ಹೆಂಗಸರೇ ಇರುವಾಗ ಹಿತ್ತಲ ಹಗ್ಗದ ಮೇಲೆ ಗಂಡಸಿನ ಅಂಗಿ ತೂಗಿದರೆ ಗತಿಯೇನು? ಅಪ್ಪನ ಹಳೆಯ ಅಂಗಿಯೊಂದೇ ಅಣ್ಣನಿಗೆ ಉಳಿದದ್ದು. ಅದನ್ನು ಒಳಗೇ, ಹಬೆಯಲ್ಲೇ ಹರವುತ್ತಿದ್ದರು. ಅದು ಒಣಗುತ್ತಲೇ ಇರಲಿಲ್ಲ. ತೇವದಲ್ಲೇ ಅವನು ಅದನ್ನು ತೊಟ್ಟು ಮಲಗುತ್ತಿದ್ದ.

ಒಂದು ಬೆಳಿಗ್ಗೆ ಬಹಳ ದಿನಗಳ ಮೇಲೆ ಒಳ್ಳೆಯ ಬಿಸಿಲು ಬಿತ್ತು. ಅಮ್ಮ ಸೋಪಿಗೆಂದು ಪೇಟೆಗೆ ಹೋಗಿದ್ದಳು. ಅಣ್ಣನ ಅಂಗಿಯೂ ಹೆಚ್ಚು ಕಡಿಮೆ ಸೈನ್ಯದ ಬಣ್ಣದ್ದೇ. ಇಷ್ಟೊಂದು ಅಂಗಿಗಳ ನಡುವೆ ಇದೊಂದನ್ನು ಯಾರು ನೋಡುತ್ತಾರೆ ಎಂದು ಹುಡುಗಿ ಅದನ್ನು ಹಗ್ಗದ ನಟ್ಟನಡುವೆ ಹಾಕಿದಳು. ಗಾಳಿಗೆ ತೋಳು ಬಿಚ್ಚಿಕೊಂಡ ಅಂಗಿ ನೋಡಿ ಅವಳಿಗೆ ಅಣ್ಣನೇ ಹೊರಗೆ ಬಂದಷ್ಟು ಹಿತವಾಯಿತು.

ಆದರೆ ಕಿವಿಯಣ್ಣ ಅಂದು ಮಧ್ಯಾಹ್ನಕ್ಕೆ ಮೊದಲೇ ಬಂದುಬಿಟ್ಟ. ಬಟ್ಟೆ ಒಯ್ಯಲು ಬರುತ್ತಿದ್ದ ಸೈನಿಕ ಅವನು. ಟೋಪಿಯ ಆಚೆ ಈಚೆ ಚಾಚಿಕೊಂಡ ಕಿವಿಗಳನ್ನು ನೋಡಿ ಅವಳು ಮನಸ್ಸಿನಲ್ಲೇ ಇಟ್ಟ ಹೆಸರು. ಊರಲ್ಲಿ ತನಗೂ ಇವಳಷ್ಟೇ ವಯಸ್ಸಿನ ತಂಗಿ ಇದ್ದಾಳೆ ಎನ್ನುತ್ತಿದ್ದ. ಹೊರಗಿನವರ ಜೊತೆ ತುಟಿ ಬಿಚ್ಚದ ಹುಡುಗಿ ಇವನ ಜೊತೆ ಮಾತ್ರ ಒಮ್ಮೆ ಮಾತಾಡಿದ್ದಳು. ಅವನು ಅವಳ ಕೆಲಸದ ಬಗ್ಗೆ ಆಸೆಯಿಂದ ಕೇಳಿದ್ದ, ಅವಳು ಬಣ್ಣಗಳ ಲೆಕ್ಕವನ್ನೆಲ್ಲ ಹೇಳಿದ್ದಳು. ನಮ್ಮ ಬಟ್ಟೆಗೆ ಮಾತ್ರ ಗುರುತೇ ಇಲ್ಲ ಎಂಬುದನ್ನೂ ಹೆಮ್ಮೆಯಿಂದ ಹೇಳಿದ್ದಳು.

ಈಗ ಅವನು, ನೀನು ಕೂತುಕೋ ಪುಟ್ಟಿ, ನಾನೇ ತೆಗೆಯುತ್ತೇನೆ ಎನ್ನುತ್ತಾ ಹಗ್ಗದಿಂದ ಅಂಗಿಗಳನ್ನು ತಬ್ಬಿಕೊಂಡು ಎಳೆದ. ಮೂಟೆ ಕಟ್ಟಿದ. ಬೇಡ ಎಂದರೆ ಏಕೆಂದು ಹೇಳಬೇಕಿತ್ತು. ಮೂಟೆ ಬೀದಿಯ ತಿರುವಿನಲ್ಲಿ ಮರೆಯಾಯಿತು.

ಅವಳು ಅಟ್ಟ ಹತ್ತಿದಳು. ಅಣ್ಣ ಹೊದಿಕೆ ಸುತ್ತಿಕೊಂಡು ಕೂತಿದ್ದ. ನಡೆದದ್ದನ್ನು ಕೇಳಿ ಹೊದಿಕೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ. ಆಮೇಲೆ ನಕ್ಕ.

"ನಾನು ಹೋಗದೆ ಇದ್ರೂ ನನ್ನ ಅಂಗಿ ಸೈನ್ಯಕ್ಕೆ ಸೇರಿತಲ್ಲೇ ಮೂಗಿ."

"ಅಮ್ಮಂಗೆ ಹೇಳ್ಲಾ?"

"ಬೇಡ. ಎದೆ ಒಡ್ಕೋತಾಳೆ. ಅಷ್ಟೊಂದು ಅಂಗೀಲಿ ಯಾವನು ಕಾಲರ್ ತಿರುಗಿಸಿ ನೋಡ್ತಾನೆ?"

ನೋಡುವವನೊಬ್ಬ ಇದ್ದಾನೆ ಎಂದು ಅವಳು ಹೇಳಲಿಲ್ಲ. ಅಣ್ಣನ ನಗು ಅವಳಿಗೆ ಅಷ್ಟು ಬೇಕಾಗಿತ್ತು.

ಸಂಜೆಗೆ ಮೊದಲೇ ಕಿವಿಯಣ್ಣ ಮರಳಿ ಬಂದ, ಅಂಗಿ ಕೈಯಲ್ಲಿತ್ತು. ಅವನ ಹಿಂದೆಯೇ ಸೋಪಿನ ಹಂಚಿಕೆಯ ವಿಚಾರಣೆಗೆಂದು ಹೊರಟಿದ್ದ ಅಧಿಕಾರಿಯೂ ಇದ್ದ. ಕಿವಿಯಣ್ಣ ಉಪಕಾರ ಮಾಡಿದವನ ಖುಷಿಯಲ್ಲಿ ಅಂಗಿ ಚಾಚಿದ.

"ತಗೋ ಪುಟ್ಟಿ. ಗುರುತಿಲ್ಲ, ಅಂದ್ರೆ ನಿಮ್ಮನೇದೇ ಅಲ್ವಾ?"

ಹೇಳಿದ ಮೇಲೆ ಅವನಿಗೇ ಹೊಳೆದಿರಬೇಕು. ಕೈ ಅರ್ಧಕ್ಕೇ ನಿಂತಿತು. ಅಧಿಕಾರಿ ಅಂಗಿ ತೆಗೆದುಕೊಂಡು ಕಾಲರ್ ತಿರುಗಿಸಿದ, ಭುಜದ ಅಳತೆ ನೋಡಿದ, ಈ ಮನೆಯಲ್ಲಿ ಗಂಡಸರು ಯಾರು ಎಂದು ಮೆಲ್ಲಗೆ ಕೇಳಿದ.

ಪೇಟೆಯಿಂದ ಮರಳಿ ಹಂಡೆಯ ಮುಂದೆ ನಿಂತಿದ್ದ ಅಮ್ಮ ಕೋಲು ಬಿಡದೆ, ಸತ್ತ ಗಂಡನದ್ದು, ನೆನಪಿಗೆ ಇಟ್ಟುಕೊಂಡಿದ್ದೇನೆ, ಆಗಾಗ ಒಗೆದಿಡುತ್ತೇನೆ ಎಂದಳು. ಧ್ವನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅಧಿಕಾರಿ ತಲೆಯಾಡಿಸಿದ. ಹುಡುಗಿ ಅಟ್ಟದ ಕಡೆ ನೋಡಬಾರದೆಂದು ತನ್ನ ಕಾಲ್ಬೆರಳುಗಳನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಯಾರಿಗೂ ಬೇಡದ ಅಂಗಿ. ಒಲೆಗೆ ಹಾಕಮ್ಮಾ," ಎಂದ ಅಧಿಕಾರಿ.

ಅಮ್ಮ ತಡಮಾಡಲಿಲ್ಲ. ಅವನ ಕೈಯಿಂದ ಕಿತ್ತುಕೊಂಡವಳೇ ಒಲೆಯ ಬಾಯಿಗೆ ತುರುಕಿದಳು. ಅಪ್ಪನ ಅಂಗಿ ಮೊದಲು ಹೊಗೆಯಾಡಿ ಆಮೇಲೆ ಹತ್ತಿಕೊಂಡಿತು. ಈ ಮನೆಯಲ್ಲಿ ಚಿಂದಿಯನ್ನೂ ಸುಡುತ್ತಿರಲಿಲ್ಲ. ಅಮ್ಮನ ಮುಖದಲ್ಲಿ ಆಗ ಕಂಡದ್ದು ನಿರಾಳ, ದುಃಖವಲ್ಲ. ಹುಡುಗಿಗೆ ಅದು ಕಂಡಿತು. ಅಧಿಕಾರಿಗೂ ಕಂಡಿತು.

"ಸತ್ತವರ ಬಟ್ಟೆಯನ್ನ ಇಷ್ಟು ಬೇಗ ಯಾರೂ ಸುಡಲ್ಲ," ಎಂದ ಅವನು. ಕಿವಿಯಣ್ಣನಿಗೆ ಏಣಿ ತೋರಿಸಿದ.

ಕಿವಿಯಣ್ಣ ಕದಲಲಿಲ್ಲ. ಏಣಿ ಹತ್ತುವ ಅಗತ್ಯವೂ ಬೀಳಲಿಲ್ಲ. ಅಣ್ಣ ತಾನೇ ಇಳಿದುಬಂದ, ಬರಿ ಮೈಯಲ್ಲಿ. ಎದೆಯ ಮೂಳೆಗಳನ್ನು ಎಣಿಸಬಹುದಿತ್ತು. ಅಮ್ಮ ಅಡ್ಡ ಬಂದಳು, ಕಾಲು ಹಿಡಿದಳು, ಇವನಿಗೆ ಕೆಮ್ಮು, ಯಾತಕ್ಕೂ ಬಾರದವನು ಎಂದು ಬೇಡಿಕೊಂಡಳು. ಅಧಿಕಾರಿ ಇಸ್ತ್ರಿಯ ಮೇಜಿನಿಂದ ಒಂದು ಸೈನ್ಯದ ಅಂಗಿ ಎತ್ತಿ ಅಣ್ಣನ ಕಡೆ ಎಸೆದ. ಹೇಗೂ ತೊಡಬೇಕಾದದ್ದು ಇದನ್ನೇ ಎಂದ.

ಅಣ್ಣ ಗುಂಡಿ ಹಾಕಿಕೊಳ್ಳುತ್ತಾ ತಂಗಿಯನ್ನು ನೋಡಿದ. "ಚೆನ್ನಾಗಿ ಒಣಗಿದೆ ಕಣೇ," ಎಂದ.

ಅದು ಯಾವ ಅಂಗಿಯೆಂದು ಅವಳಿಗೆ ಗೊತ್ತಿತ್ತು. ಗುರುತು ಹಾಕುವಾಗ ಕಪ್ಪು ದಾರ ಮುಗಿದುಹೋಗಿ ಕೊನೆಯ ಹೊಲಿಗೆಯನ್ನು ಹಸಿರಿನಲ್ಲಿ ಹಾಕಿದ್ದಳು.

ಅಮ್ಮ ಒಂದು ದಿನವೂ ಬೈಯಲಿಲ್ಲ. ಅಂಗಿ ಹಗ್ಗಕ್ಕೆ ಹಾಕಿದ್ದು ಯಾಕೆ ಎಂದು ಕೂಡ ಕೇಳಲಿಲ್ಲ. ಸ್ವಲ್ಪ ದಿನ ಕಳೆದು, ಇನ್ನು ಮೇಲೆ ನಮ್ಮ ಬಟ್ಟೆಗೂ ಗುರುತು ಹಾಕು ಎಂದಳು, ಬಣ್ಣ ಯಾವುದೆಂದು ಹೇಳಲಿಲ್ಲ. ಕಿವಿಯಣ್ಣ ಮತ್ತೆ ಬರಲಿಲ್ಲ, ಬಟ್ಟೆ ತರಲು ಬೇರೆಯವನು ಬಂದ. ಅಣ್ಣನಿದ್ದ ತುಕಡಿಯನ್ನು ನದಿಯ ಆಚೆಗೆ ಕಳಿಸಿದ್ದಾರೆಂಬ ಸುದ್ದಿ ಬಂತು. ಕೆಮ್ಮು ಇಲ್ಲದಿದ್ದರೂ ಅಮ್ಮ ಆಗಾಗ ಕೋಲಿನಿಂದ ಹಂಡೆ ಬಡಿಯುತ್ತಿದ್ದಳು. ಹುಡುಗಿ ಪ್ರತಿಯೊಂದು ಮೂಟೆ ಬಿಚ್ಚಿದಾಗಲೂ ಮೊದಲು ಕಾಲರುಗಳನ್ನು ತಿರುಗಿಸಿ ನೋಡುತ್ತಿದ್ದಳು.

ಚಳಿ ಇಳಿದ ಮೇಲೆ ನದಿಯ ಕಡೆಯಿಂದ ಒಂದು ಮೂಟೆ ಬಂತು, ಕೆಸರು ಹಿಡಿದು ಸೆಟೆದ ಅಂಗಿಗಳು. ಅದರಲ್ಲಿ ಒಂದರ ಕಾಲರಿನೊಳಗೆ ಮೂರು ಕಪ್ಪು ಹೊಲಿಗೆ, ಒಂದು ಹಸಿರು. ಎಡಪಕ್ಕೆಯಲ್ಲಿ ದುಂಡನೆಯ ತೂತು.

ಅವಳು ಅದನ್ನು ಹಂಡೆಗೆ ಹಾಕಲಿಲ್ಲ. ತಣ್ಣೀರಿನಲ್ಲಿ ಒಬ್ಬಳೇ ತಿಕ್ಕಿದಳು, ನೀರಿಗೆ ಬಣ್ಣ ಬಿಡುವುದು ನಿಲ್ಲುವವರೆಗೂ. ಬಿಸಿಲಿನಲ್ಲಿ ಹಗ್ಗದ ನಡುವೆ ಹರವಿ ಗರಿಗರಿ ಒಣಗಿಸಿದಳು. ಆಮೇಲೆ ಕಿಟಕಿಯ ಬಳಿ ಸೂಜಿ ಹಿಡಿದು ಕೂತಳು.

ಹಬೆಯಲ್ಲಿ ನಿಂತು ನಿಂತು ಅಮ್ಮನ ಕಣ್ಣುಗಳು ಮಂಜಾಗಿದ್ದವು. ಆದರೂ ಮಗಳು ಕೂತ ರೀತಿ ನೋಡಿ ಹತ್ತಿರ ಬಂದಳು.

"ಏನದು?"

ಹುಡುಗಿ ಬೆರಳಿನಿಂದ ಕಾಲರನ್ನು ಒಳಕ್ಕೆ ಮಡಚಿದಳು.

"ಹುಳ ತಿಂದಿದೆ ಅಮ್ಮಾ."

ಅಮ್ಮ ಅಂಗಿಯ ಕಡೆ ಬಾಗಿದಳು. ಕೈ ಚಾಚಿದಳು, ಮತ್ತೆ ಹಿಂದೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು.

"ಕಾಣದ ಹಾಗೆ ಮಾಡು," ಎಂದು ಹೇಳಿ ಹಂಡೆಯ ಕಡೆಗೆ ಹೋದಳು.