ಹಸು ತಿಂದ ಒಂಬತ್ತು ಗಿಡ

ಬಲಿಪಾಡ್ಯಮಿಯ ಬೆಳಿಗ್ಗೆ ತಾನೊಂದು ಒಳ್ಳೆಯ ಕೆಲಸ ಮಾಡಿದೆನೆಂದೇ ತಿಮ್ಮರಾಯಪ್ಪನವರು ನಂಬಿದ್ದರು.

ಚಿಕ್ಕಲಸಂದ್ರದ ಅವರ ಮನೆಯ ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಅದರ ಮುಂದೆ ತಾರಸಿ. ಕೋಣೆಯಲ್ಲಿ ಗದಗಿನ ಕಡೆಯ ಅನ್ನಪೂರ್ಣ ತನ್ನ ಅಣ್ಣನ ಜೊತೆ ಬಾಡಿಗೆಗಿದ್ದಳು. ಬಿಎಸ್ಸಿ ಎರಡನೆಯ ವರ್ಷದ ಹುಡುಗಿ. ದೀಪಾವಳಿಗೆ ಅಣ್ಣನೊಂದಿಗೆ ಊರಿಗೆ ಹೊರಟವಳು ತಾರಸಿಯ ಬಟಾಣಿ ಗಿಡಗಳನ್ನು ಅವರಿಗೆ ಒಪ್ಪಿಸಿ, "ಅಜ್ಜಾರ, ದಿನಾ ಮುಂಜಾನೆ ಒಂಚೂರು ನೀರು ಹಾಕಿದ್ರ ಸಾಕ್ರಿ. ಅವು ನನ್ನ ಪ್ರಾಜೆಕ್ಟ್ ಗಿಡ ಅದಾವ" ಎಂದು ಹೇಳಿ ಹೋಗಿದ್ದಳು.

ತಿಮ್ಮರಾಯಪ್ಪನವರು ದಿನಾ ನೀರು ಹಾಕಿದರು. ವಿಜಯದಶಮಿಯ ಮಾರನೆಯ ದಿನ ಅವಳು ಬಿತ್ತಿದ್ದ ನಲವತ್ತು ಕಾಳಿನಲ್ಲಿ ಮೂವತ್ತೆಂಟು ಮೊಳೆತಿದ್ದವು. ಮೂರು ವಾರಕ್ಕೆ ಬಹುಪಾಲು ಗಿಡಗಳು ಆಸರೆಯ ಕಡ್ಡಿ ಹಿಡಿದು ಮೊಳದುದ್ದ ಬೆಳೆದವು. ಒಂಬತ್ತು ಗಿಡ ಮಾತ್ರ ಗೇಣುದ್ದವೂ ಏಳದೆ, ಎಲೆಯ ಮೇಲೆ ಎಲೆ ಒತ್ತಿಕೊಂಡು, ಕುಳ್ಳಗೆ ಕೂತೇ ಇದ್ದವು. ಅವರು ಹೊಲ ಮಾಡುವುದನ್ನು ಬಿಟ್ಟು ಮೂವತ್ತು ವರ್ಷವಾಗಿತ್ತು. ಆದರೂ ಬೆಳೆಯ ನಡುವೆ ಕುಳ್ಳ ಗಿಡ ಕಂಡರೆ ಕೈ ಕೇಳಬೇಕಲ್ಲ! ಒಂದೊಂದನ್ನೇ ಬೇರು ಸಮೇತ ಎಳೆದರು. ಅಂದು ಗೋಪೂಜೆ. ಹಸಿರು ಹುಲ್ಲು ಸಿಕ್ಕಿರಲಿಲ್ಲ. ಕಿತ್ತ ಒಂಬತ್ತನ್ನೂ ಬೊಗಸೆಯಲ್ಲಿ ಹಿಡಿದು ಹೋಗಿ, ಎರಡು ಮನೆಯಾಚೆಯ ನಾರಾಯಣಮ್ಮನ ಹಸುವಿಗೆ ಕೊಟ್ಟು, ಅದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಮುಟ್ಟಿ ಕಣ್ಣಿಗೊತ್ತಿಕೊಂಡು ಬಂದರು.

ನಾಲ್ಕು ದಿನ ಕಳೆದು ಅನ್ನಪೂರ್ಣ ಬಂದಳು. ಬ್ಯಾಗು ಇಳಿಸಿದವಳೇ ತಾರಸಿಗೆ ಓಡಿದಳು. ತಿಮ್ಮರಾಯಪ್ಪನವರು ಶಹಬ್ಬಾಸ್ ಎನ್ನಿಸಿಕೊಳ್ಳಲು ಹಿಂದೆಯೇ ಮೆಟ್ಟಿಲು ಹತ್ತಿದರು.

"ಹೆಂಗೈತೆ ನೋಡವ್ವ, ಒಂದೇ ಸಮ ಬಂದೈತೆ."

ಅವಳು ಒಂದು ಸುತ್ತು ಎಣಿಸಿದಳು. ಮತ್ತೆ ಎಣಿಸಿದಳು. "ಅಜ್ಜಾರ, ಗಿಡ್ಡನ್ನ ಗಿಡ ಎಲ್ಲಿ ಹೋದ್ವ್ರಿ?"

"ಕಿತ್ತಾಕ್ದೆ. ಹಂಗ್ ಬಿಟ್ರೆ ಬೀಜ ಕೆಡ್ತದೆ. ನಮ್ಮಪ್ಪನ ಕಾಲ್ದಿಂದ್ಲೂ ಅಷ್ಟೇಯ."

ಹುಡುಗಿ ಗಿಡಗಳಿದ್ದ ಮಣ್ಣಿನ ಗ್ರೋ ಬ್ಯಾಗಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಅಳಲಿಲ್ಲ. ಅತ್ತಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನ್ನ ಪ್ರಾಜೆಕ್ಟೇ ಆ ಗಿಡ್ಡನ್ನ ಗಿಡದ್ದರಿ" ಎಂದಳು ಮೆಲ್ಲಗೆ. ಎತ್ತರದ ಗಿಡವನ್ನೂ ಕುಳ್ಳ ಗಿಡವನ್ನೂ ಕೂಡಿಸಿದರೆ ಮಕ್ಕಳೆಲ್ಲ ಎತ್ತರವೇ. ಆ ಮಕ್ಕಳ ಮಕ್ಕಳಲ್ಲಿ ಕುಳ್ಳು ಮರಳಿ ಬರುತ್ತದೆ, ಮೂರು ಎತ್ತರಕ್ಕೆ ಒಂದು ಕುಳ್ಳು. ಕಾಲೇಜಿನಿಂದ ತಂದಿದ್ದ ನಲವತ್ತು ಕಾಳು ಅಂಥ ಮೊಮ್ಮಕ್ಕಳು. ಒಂದೊಂದನ್ನೂ ಅಳೆದು, ಕುಳ್ಳಗಿರುವುದನ್ನು ಒಣಗಿಸಿ ಹಾಳೆಗೆ ಅಂಟಿಸಿ ತೋರಿಸಬೇಕಿತ್ತು. ಅಂಥ ಕಾಳು ಕಾಲೇಜಿನಲ್ಲಿ ಇನ್ನು ಉಳಿದಿರಲಿಲ್ಲ.

"ಒಂಬತ್ತಿದ್ವು ಅಂತ ಬರ್ಕೊಂಬುಡು. ನಾನೇ ಸಾಕ್ಷಿ."

"ಇಪ್ಪತ್ತೊಂಬತ್ತಕ್ಕ ಒಂಬತ್ತು... ಲೆಕ್ಕ ಬರೋಬ್ಬರಿ ಕೂಡ್ತದ್ರಿ. ಆದ್ರ ನಾ ಅಳತಿ ಮಾಡಿಲ್ಲ. ನೋಡಲಾರದ್ದನ್ನ ನೋಡೀನಿ ಅಂತ ಹೆಂಗ್ ಬರೀಲ್ರಿ?"

ಕೆಳಗಿಳಿದಾಗ ಹೆಂಡತಿ ಸೊಣ್ಣಮ್ಮ ವಿಷಯ ಕೇಳಿ ಸೌಟು ಕೆಳಗಿಟ್ಟರು. "ನೀರು ಹಾಕಿ ಅಂದ್ರೆ ನೀರು ಹಾಕ್ಬೇಕಪ್ಪ. ಈಗ ಹೋಗಿ ಆ ಹಸೂನ ಕೇಳಿ, ಅಳತೆ ಎಷ್ಟಿತ್ತು ಅಂತ."

ಶನಿವಾರ ಸಂಜೆ ಆಂಜನೇಯನ ಗುಡಿಯಲ್ಲಿ ಕಾವ್ಯವಾಚನವಿತ್ತು. ವಾರ ತಪ್ಪದೆ ಕಂಬಕ್ಕೆ ಒರಗಿ ಕೇಳುವುದು ತಿಮ್ಮರಾಯಪ್ಪನವರ ಎಷ್ಟೋ ವರ್ಷದ ಅಭ್ಯಾಸ. ಅಂದು ಹಿರಿಯ ವಾಚಕರಿಗೆ ಗಂಟಲು ಕಟ್ಟಿತ್ತು. ಅವರ ತಮ್ಮನೂ ಜೊತೆ ಕೂತಿದ್ದ. ಪದ್ಯದ ನಡುವೆ ಅಣ್ಣನ ದನಿ ಹಲವು ಸಲ ಬಿದ್ದುಹೋಯಿತು. ತಮ್ಮನ ದನಿ ನಡೆಯುತ್ತಲೇ ಇದ್ದುದರಿಂದ ಹಿಂದೆ ಕೂತವರಿಗೆ ಅದು ತಿಳಿಯಲೇ ಇಲ್ಲ. ಮುಂದಿದ್ದ ತಿಮ್ಮರಾಯಪ್ಪನವರಿಗೆ ತಿಳಿಯಿತು. ಆದರೆ ಅವರ ಮನಸ್ಸು ಪದ್ಯದ ಮೇಲಿರಲಿಲ್ಲ. ಮಂಗಳಾರತಿಯಲ್ಲಿ ಅವರು ಕೇಳಿಕೊಂಡದ್ದು ಇಷ್ಟೇ: ಸ್ವಾಮಿ, ಆ ಮಗುವಿಗೆ ಏನಾದರೂ ಒಂದು ದಾರಿ ತೋರು.

ದಾರಿ ಸೋಮವಾರ ಸಂಜೆ ಕಾಲೇಜಿನಿಂದ ಬಂತು. ಬಸ್ಸಿಳಿದ ಅನ್ನಪೂರ್ಣ ಸೀದಾ ಅವರ ಜಗುಲಿಗೇ ಬಂದು ಕೂತಳು. ಪ್ರಾಜೆಕ್ಟ್ ನೋಡಿಕೊಳ್ಳುವ ಶ್ವೇತ ಮೇಡಂ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆಮೇಲೆ, ಉಳಿದ ಇಪ್ಪತ್ತೊಂಬತ್ತು ಗಿಡವೇ ಸಾಕು, ಒಂದೊಂದು ಗಿಡದ ಕಾಳನ್ನೂ ಬೇರೆಬೇರೆಯಾಗಿ ಇಟ್ಟು ಬಿತ್ತು ಎಂದರಂತೆ. ಪ್ರಾಜೆಕ್ಟ್ ಒಪ್ಪಿಸಲು ಮಾರ್ಚ್‌ವರೆಗೆ ಸಮಯ.

"ಎಲ್ಲಾ ಎತ್ತರದ್ದೇ ಉಳ್ದಿರೋದು. ಅದ್ರ ಕಾಳು ಬಿತ್ತಿದ್ರೆ ಏನ್ ಬಂದಾತು?"

"ಗಿಡ್ಡನ್ನೂ ಬರ್ತಾವ್ರಿ ಅಜ್ಜಾರ. ಮೂರ್ ಎತ್ತರದ ಗಿಡದಾಗ ಎರಡು ಒಳಗ ಅದನ್ನ ಇಟ್ಕೊಂಡಿರ್ತಾವ."

ತಿಮ್ಮರಾಯಪ್ಪನವರು ನಂಬಲಿಲ್ಲ. ಅವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಜೀವ ಅನ್ನುವುದೆಲ್ಲ ಡಿಎನ್ಎ ಎಂಬ ಉದ್ದನೆಯ ಬರಹ, ಅದರಲ್ಲಿ ನಾಲ್ಕೇ ನಾಲ್ಕು ಅಕ್ಷರ. ಗಿಡ ಎತ್ತರ ಬೆಳೆಯಲು ಒಂದು ರಸ ಬೇಕು. ಆ ರಸ ಮಾಡುವ ಕೆಲಸಗಾರನನ್ನು ಹೇಗೆ ಕಟ್ಟಬೇಕೆಂದು ಸಾವಿರ ಚಿಲ್ಲರೆ ಅಕ್ಷರದಲ್ಲಿ ಬರೆದಿದೆ. ಅದೇ ಜೀನು. ಕುಳ್ಳ ಗಿಡದಲ್ಲಿ ಅಷ್ಟರಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಕೆಲಸಗಾರ ಸೋಮಾರಿಯಾದ, ಗಿಡ ಏಳಲಿಲ್ಲ.

"ಒಂದು ಅಕ್ಷರಕ್ಕೆ ಇಷ್ಟೊಂದಾ!"

"ಹೌದ್ರಿ. ಆದ್ರ ಪ್ರತಿ ಗಿಡದಾಗೂ ಆ ಬರಹ ಎರಡೆರಡು ಪ್ರತಿ. ತಾಯಿ ಕಡಿಯಿಂದ ಒಂದು, ತಂದಿ ಕಡಿಯಿಂದ ಒಂದು. ಒಂದು ಕೆಟ್ಟಿದ್ರೂ ಇನ್ನೊಂದು ಛಲೋ ಇದ್ರ ಗಿಡ ಎತ್ತರ ಆಗ್ತದ. ಎರಡೂ ಕೆಟ್ಟಿದ್ರ ಅಷ್ಟ ಗಿಡ್ಡ."

ತಿಮ್ಮರಾಯಪ್ಪನವರ ಕಣ್ಣ ಮುಂದೆ ಗುಡಿಯ ಅಣ್ಣತಮ್ಮಂದಿರು ಬಂದರು.

"ಅಂದ್ರೆ ಇಬ್ರು ಕೂಡಿ ಓದ್ತಾವ್ರೆ ಅನ್ನು. ಒಬ್ಬನ ದನಿ ಬಿದ್ರೂ ಇನ್ನೊಬ್ಬ ನಡೆಸ್ಕಂಡ್ ಹೋಯ್ತಾನೆ, ಕೇಳೋರ್ಗೆ ಗೊತ್ತಾಗಾಕಿಲ್ಲ. ಇಬ್ರೂ ಒಂದೇ ಕಡೆ ಬಿದ್ರೆ ಪದ್ಯ ನಿಂತೋಯ್ತದೆ."

ಅನ್ನಪೂರ್ಣ ಪೆನ್ನು ಹುಡುಕಿದಳು. "ಅಜ್ಜಾರ, ಇನ್ನೊಮ್ಮೆ ಹೇಳ್ರಿ. ಬರ್ಕೋತೀನಿ."

"ಇದನ್ನೆಲ್ಲ ಕಂಡ್‌ಹಿಡಿದೋರ್ಯಾರು?"

"ನೂರೈವತ್ತು ವರ್ಷದ ಹಿಂದ ಮಠದಾಗಿದ್ದ ಒಬ್ಬ ಸ್ವಾಮ್ಯಾರು. ಅಕ್ಷರದ ಸುದ್ದಿ ಆಮ್ಯಾಲೆ ತಿಳೀತ್ರಿ. ಅವರು ತೋಟದಾಗ ಬಟಾಣಿ ಬೆಳದು ಎಣಿಸಿದ್ರಷ್ಟ."

ಒಳಗಿನಿಂದ ಸೊಣ್ಣಮ್ಮನ ದನಿ ಬಂತು: "ಆ ಸ್ವಾಮಿಗಳ ಮಠ್ದಲ್ಲಿ ಇವ್ರು ನೀರು ಹಾಕೋಕೆ ಇರ್ಲಿಲ್ಲ, ಪುಣ್ಯ."

ಮೂವರೂ ನಕ್ಕರು. ನಕ್ಕಮೇಲೆ ತಿಮ್ಮರಾಯಪ್ಪನವರಿಗೆ ಬೇರೇನೋ ನೆನಪಾಯಿತು. ಅವರ ಹೊಲದಲ್ಲಿ ರಾಗಿಯ ನಡುವೆ ಅವರೆಯ ಸಾಲು. ಪ್ರತಿವರ್ಷ ಕುಳ್ಳ ಗಿಡ ಕೀಳುವುದು ಹನ್ನೆರಡು ವರ್ಷದ ಹುಡುಗನಾಗಿದ್ದಾಗಿಂದಲೂ ಅವರ ಕೆಲಸ. ಸಾಲುಸಾಲು ಹುಡುಕಿ ಕೀಳುತ್ತಿದ್ದರು. ಮರುವರ್ಷ ಮತ್ತೆ ನಾಲ್ಕು ಹುಟ್ಟುತ್ತಿದ್ದವು. ಆಗ ಅಪ್ಪ, "ಒಂದ್ ಬುಟ್ಟಿದೀಯ ಕಣ್ಲಾ. ಕೆಲಸ್ಗಳ್ಳ" ಎಂದು ತಲೆಗೆ ಮೊಟಕುತ್ತಿದ್ದ. ಬಿಟ್ಟಿಲ್ಲ ಎಂದರೆ ಇನ್ನೊಂದು ಮೊಟಕು.

"ನಮ್ ಅವರೇನೂ ಹಿಂಗೇ ಇತ್ತಾ?" ಎಂದು ಕೇಳಿದರು.

"ಅವರಿ ನಾ ನೋಡಿಲ್ರಿ. ಆದ್ರ ಇರಬಹುದು. ಮೊದಲ ಇದು ಬರ್ತದೋ ಇಲ್ಲೋ ನೋಡೋಣ್ರಿ."

ಅಂದಿನಿಂದ ತಾರಸಿ ಇಬ್ಬರದೂ ಆಯಿತು. ಗಿಡಗಿಡಕ್ಕೂ ದಾರ ಕಟ್ಟಿ ನಂಬರು ಹಾಕಿದರು. ಬಟಾಣಿ ಹೂವು ತನ್ನೊಳಗೇ ಪರಾಗ ಮುಗಿಸಿಕೊಳ್ಳುವುದರಿಂದ ದುಂಬಿಯ ಭಯವಿರಲಿಲ್ಲ; ಭಯವಿದ್ದದ್ದು ಸೊಣ್ಣಮ್ಮನದು. ಹಸಿ ಕಾಯಿ ತುಂಬಿ ನಿಂತಾಗ ಅವರು ದಿನಕ್ಕೆರಡು ಸಲ ತಾರಸಿಗೆ ಬಂದು, "ಒಂದ್ ಹಿಡಿ ಉಪ್ಪಿಟ್ಗಾದ್ರೂ ಕೊಡ್ರಪ್ಪ" ಎನ್ನುತ್ತಿದ್ದರು. ತಿಮ್ಮರಾಯಪ್ಪನವರು ಕಾವಲು ಬಿಡಲಿಲ್ಲ.

ಸಂಕ್ರಾಂತಿಗೆ ಕಾಯಿ ಒಣಗಿತು. ಇಪ್ಪತ್ತೊಂಬತ್ತು ಪೊಟ್ಟಣ, ಇಪ್ಪತ್ತೊಂಬತ್ತು ಡಬ್ಬ. ಪೇಂಟಿನ ಡಬ್ಬ, ಐಸ್‌ಕ್ರೀಮ್ ಡಬ್ಬ, ಸೊಣ್ಣಮ್ಮ ಮನಸ್ಸಿಲ್ಲದೆ ಕೊಟ್ಟ ಎರಡು ಹಿಟ್ಟಿನ ಡಬ್ಬ. ಮಣ್ಣು ತುಂಬಿ ಒಂದೊಂದರಲ್ಲಿ ಹತ್ತು ಕಾಳು ಬಿತ್ತಿದರು.

ಹತ್ತು ದಿನ ಎಲ್ಲ ಒಂದೇ ಥರ ಕಂಡಿತು. ಹದಿನೈದು ದಿನಕ್ಕೂ ಹೆಚ್ಚು ಕಡಿಮೆ ಹಾಗೇ. ಈ ಬೆಳೆಯೂ ಕೈಕೊಟ್ಟರೆ ಮತ್ತೆ ಬಿತ್ತಲು ಸಮಯವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಹದಿನೆಂಟನೆಯ ದಿನ ಬೆಳಿಗ್ಗೆ ತಿಮ್ಮರಾಯಪ್ಪನವರು ನೀರು ಹಾಕುತ್ತ ಏಳನೆಯ ಡಬ್ಬದ ಹತ್ತಿರ ಬಂದರು. ಎಂಟು ಗಿಡ ಕಡ್ಡಿ ಹುಡುಕುತ್ತ ಮೇಲೆದ್ದಿದ್ದವು. ನಡುವೆ ಎರಡು, ಎಲೆಯ ಮೇಲೆ ಎಲೆ ಒತ್ತಿಕೊಂಡು, ಕುಳ್ಳಗೆ. ಅವರ ಕೈ ತಾನೇ ತಾನಾಗಿ ಹೋಗಿ ಒಂದರ ಬುಡ ಹಿಡಿಯಿತು.

ಹಿಡಿದಲ್ಲೇ ನಿಂತಿತು. ನಿಧಾನವಾಗಿ ಬೆರಳು ಬಿಡಿಸಿಕೊಂಡರು.

"ಅನ್ನಪೂರ್ಣಾ! ಬಾರವ್ವಾ ಇಲ್ಲಿ! ನಾನ್ ಮುಟ್ಟಿಲ್ಲ, ಬಾ!"

ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಅವಳು ಓಡಿಬಂದಳು. ಮುಂದಿನ ಒಂದು ವಾರ ಸ್ಕೇಲು ಹಿಡಿದು ಅವಳು ಅಳೆದಳು, ಅವರು ನಂಬರು ಕೂಗಿದರು. ಹದಿನೆಂಟು ಡಬ್ಬಗಳಲ್ಲಿ ಕುಳ್ಳು ಬಂದಿತ್ತು, ಹನ್ನೊಂದರಲ್ಲಿ ಇರಲಿಲ್ಲ. ಮೂರರಲ್ಲಿ ಎರಡರ ಲೆಕ್ಕಕ್ಕೆ ಇದು ತೀರಾ ಹತ್ತಿರ ಎಂದರಂತೆ ಶ್ವೇತ ಮೇಡಂ.

ಶಿವರಾತ್ರಿಯ ಮಧ್ಯಾಹ್ನ ಅನ್ನಪೂರ್ಣ ತನ್ನ ವರದಿಯನ್ನು ಕನ್ನಡ ಮಾಡಿ ಜಗುಲಿಯಲ್ಲಿ ಓದಿ ಹೇಳಿದಳು. ತಿಮ್ಮರಾಯಪ್ಪನವರು ಗುಡಿಯಲ್ಲಿ ಕೂರುವಂತೆ ಕಂಬಕ್ಕೆ ಒರಗಿ ಕೇಳಿದರು.

"ಮೊದಲ ಬೆಳೆಯ ಒಂಬತ್ತು ಗಿಡ್ಡ ಗಿಡಗಳನ್ನು ಮನೆಯ ಹಿರಿಯರಾದ ತಿಮ್ಮರಾಯಪ್ಪ ಎಂಬ ಅನುಭವಿ ರೈತರು ವಾಡಿಕೆಯಂತೆ ಕಿತ್ತರು. ಅವುಗಳ ಅಳತೆ ಇಲ್ಲ. ಒಂದನ್ನೂ ಬಿಡದೆ ಕಿತ್ತಿದ್ದರೂ ಮುಂದಿನ ಪೀಳಿಗೆಯಲ್ಲಿ ಗಿಡ್ಡ ಗುಣ ಮರಳಿ ಕಂಡಿತು."

"ಕಡೇದು ಇನ್ನೊಂದ್ಸಲ ಓದು."

"ಒಂದನ್ನೂ ಬಿಡದೆ ಕಿತ್ತಿದ್ದರೂ..."

"ಸಾಕು" ಎಂದರು. ಅಪ್ಪ ಮೊಟಕುತ್ತಿದ್ದ ತಲೆ ಸವರಿಕೊಂಡು, ಹೆಂಡತಿಯ ಕಡೆ ತಿರುಗಿ, "ಕೇಳುಸ್ತಾ? ನಾನು ಬುಟ್ಟಿರ್ಲಿಲ್ಲ ಕಣೇ. ಒಂದೂ ಬುಟ್ಟಿರ್ಲಿಲ್ಲ" ಎಂದರು.

"ಕೇಳುಸ್ತು. ಹಸು ಹೆಸರ್ನೂ ಹಾಕವ್ವ, ಅದೂ ಒಂದೂ ಬುಟ್ಟಿಲ್ಲ" ಎಂದರು ಸೊಣ್ಣಮ್ಮ.

ತಿಮ್ಮರಾಯಪ್ಪನವರು ನಗುತ್ತ ಎದ್ದು, ಪೂಜೆಗೆ ತಂದ ಚಿಪ್ಪಿನಿಂದ ಎರಡು ಬಾಳೆಹಣ್ಣು ಮುರಿದುಕೊಂಡು, ನಾರಾಯಣಮ್ಮನ ಮನೆಯ ಕಡೆ ಹೊರಟರು. ಹಸು ಅವರನ್ನು ಕಂಡು ಕತ್ತು ಚಾಚಿತು. "ಇನ್ ಮುಂದೆ ಇಷ್ಟೇ ಕಣಮ್ಮ. ಬಟಾಣಿ ಗಿಡ ಇಲ್ಲ" ಎಂದು ಅದಕ್ಕೂ ಒಂದು ಮಾತು ಹೇಳಿ, ಹಣ್ಣು ಕೊಟ್ಟರು.