ವರ್ನಾಳ ಹೆಬ್ಬೆರಳು

ವಯೋಮಿಂಗ್‌ನ ಆ ಕಣಿವೆಯಲ್ಲಿ ವರ್ನಾಳ ಹೆಬ್ಬೆರಳೆಂದರೆ ಎಲ್ಲರಿಗೂ ತಮಾಷೆ. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗೆ ವೇಗ ಕೊಡುವುದು ಬಲಗೈ ಹೆಬ್ಬೆರಳು ತಾನೇ? ಶನಿವಾರ ಬಂತೆಂದರೆ ಗಂಡ ಡೆಲ್ಮರ್, ಮೈದುನ ಹೈರಮ್ ಇಬ್ಬರೂ ಕಡಿದಾದ ಹಿಮದ ಏರನ್ನು ಒಂದೇ ಓಟಕ್ಕೆ ಹತ್ತಿ ನೆತ್ತಿಯಾಚೆ ಮಾಯವಾಗುತ್ತಿದ್ದರು. ವರ್ನಾಳ ಗಾಡಿ ಮಾತ್ರ ಅರ್ಧ ಏರಿನಲ್ಲೇ ಏದುಸಿರು ಬಿಟ್ಟು ಹಿಮದಲ್ಲಿ ಹೂತುಕೊಳ್ಳುತ್ತಿತ್ತು.

"ಗಾಡಿಗೇನೂ ಆಗಿಲ್ಲ ಕಣೇ. ಹೆದರ್ಕೊಂಡು ಬೆರಳು ಸಡಿಲ ಬಿಡ್ತೀಯ," ಎನ್ನುತ್ತಿದ್ದ ಡೆಲ್ಮರ್.

"ಅತ್ತಿಗೆ, ಆ ಬೆರಳಿಗೊಂದು ಸ್ವೆಟರ್ ಹೆಣೆದು ಹಾಕಿ, ನಡುಗೋದು ನಿಲ್ಲುತ್ತೆ!" ಎಂದು ಹೈರಮ್ ಒಗ್ಗರಣೆ ಹಾಕುತ್ತಿದ್ದ.

ಅವಳೂ ನಗುತ್ತಿದ್ದಳು, ಪಾಪ. ತನ್ನಿಂದ ಎಲ್ಲರಿಗೂ ತಡವಾಯಿತೆಂದು ಕ್ಷಮೆ ಬೇರೆ ಕೇಳುತ್ತಿದ್ದಳು. ಕೆಳಗಿಳಿದು, ಬಿಸಿ ಸೈಲೆನ್ಸರಿಗೆ ಕಟ್ಟಿದ ಡಬ್ಬಿಯಲ್ಲಿ ಎಲ್ಕ್ ಜಿಂಕೆಯ ಮಾಂಸದ ಸಾಸೇಜ್ ಬೆಚ್ಚಗಿಟ್ಟುಕೊಂಡು ಗಂಡಸರಿಗಾಗಿ ಕಾಯುತ್ತಿದ್ದಳು. ಹೀಗೆ ಆರು ಚಳಿಗಾಲ ಕಳೆದವು. ಒಮ್ಮೆಯಾದರೂ ಆ ನೆತ್ತಿಯಾಚೆ ಏನಿದೆಯೆಂದು ನೋಡಬೇಕು ಎಂಬುದೊಂದೇ ಅವಳ ಆಸೆ.

ಆ ಗುರುವಾರ ಡೆಲ್ಮರ್ ಮರ ಸಾಗಿಸಲು ಹೋಗಿದ್ದ. ಅವಳ ಗಾಡಿಯ ಬೆಲ್ಟ್ ಹರಿದಿತ್ತು. ಬೇರೆ ಬೆಲ್ಟ್ ಹುಡುಕುತ್ತ ಅವನ ಡ್ರಾಯರಿಗೆ ಕೈ ಹಾಕಿದಾಗ ತಳದಲ್ಲೊಂದು ಪೊಟ್ಟಣ ಸಿಕ್ಕಿತು. ಅಂಟು ಕೂಡ ಬಿಚ್ಚಿರಲಿಲ್ಲ. ಕ್ಲಚ್ಚಿನ ಹಗುರ ತೂಕಗಳು!

ಆರು ವರ್ಷದ ಹಿಂದೆ ಅವಳೇ ತಂದುಕೊಟ್ಟಿದ್ದ ಪೊಟ್ಟಣ. ಅವಳ ಗಾಡಿ ಬಂದಿದ್ದು ಬಯಲು ಸೀಮೆಯಿಂದ, ಹೆಪ್ಪುಗಟ್ಟಿದ ಕೆರೆಗಳ ಮೇಲೆ ಓಡಾಡಿದ್ದು. ಬೆಟ್ಟದ ಮೇಲೆ ಗಾಳಿ ತೆಳು, ಎಂಜಿನ್ನಿಗೂ ಉಸಿರು ಸಾಲದು. ಕ್ಲಚ್ಚಿನೊಳಗಿನ ಭಾರ ಇಳಿಸದಿದ್ದರೆ ಎಂಥ ಗಾಡಿಯೂ ಏರು ಹತ್ತದು. ಇದು ಅಲ್ಲಿನ ಮಕ್ಕಳಿಗೂ ಗೊತ್ತು. "ಅವತ್ತೇ ಹಾಕಿದೀನಲ್ಲೇ," ಎಂದಿದ್ದ ಡೆಲ್ಮರ್. ಅವಳು ನಂಬಿದ್ದಳು. ಗಂಡನ ಮಾತು ನಂಬದೆ ಇನ್ನೇನು, ಸ್ಪ್ಯಾನರ್ ಹಿಡಿದು ಪರೀಕ್ಷಿಸುತ್ತಾರೆಯೇ?

ಈಗ ಸ್ಪ್ಯಾನರ್ ಹಿಡಿದಳು. ಕ್ಲಚ್ ಬಿಚ್ಚಿದರೆ ಒಳಗೆ ಅದೇ ಹಳೆಯ ಭಾರದ ತೂಕಗಳು. ಪ್ರತಿ ವರ್ಷ ಮೊದಲ ಹಿಮಕ್ಕೆ ಅವನು ತನ್ನ ಗಾಡಿಯ ಕ್ಲಚ್ ಸರಿಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದವಳು. ಒಂದೊಂದೇ ತೂಕ ತೆಗೆದು ಹಗುರದ್ದನ್ನು ಕೂರಿಸಿದಳು, ಹೊಸ ಬೆಲ್ಟ್ ಹಾಕಿದಳು, ಕೈ ತೊಳೆದಳು. ರಾತ್ರಿ ಎಂದಿನಂತೆ ಊಟ ಬಡಿಸಿದಳು.

ಶನಿವಾರ ಅವಳ ಗಾಡಿ ಒಮ್ಮೆಯೂ ತಡವರಿಸದೆ ನೆತ್ತಿಗೇರಿತು. ಆಚೆ ಬೆಳ್ಳಗೆ ಬಿಸಿಲು, ಬೆಟ್ಟದ ಹಿಂದೆ ಬೆಟ್ಟ. ಕಾಫಿ ಕುಡಿಯುತ್ತಿದ್ದ ಅಣ್ಣತಮ್ಮಂದಿರು ತಿರುಗಿ ನೋಡಿದರು.

"ಯಾರು ಮಾಡ್ಕೊಟ್ರು ನಿಂಗೆ?" ಎಂದ ಡೆಲ್ಮರ್. ಅವನ ಬಾಯಿಂದ ಬಂದ ಮೊದಲ ಮಾತು ಅದೇ.

"ನಾನೇ."

"ನಾನು ಹೇಳ್ತಿರ್ಲಿಲ್ವೇನೋ, ಒಂದಿನ ಗೊತ್ತಾಗುತ್ತೆ ಅಂತ," ಎಂದು ಹೈರಮ್ ಅಣ್ಣನಿಗೆ ಗೊಣಗಿದ.

ವರ್ನಾ ಅವನತ್ತ ತಿರುಗಿದಳು. "ನಿಂಗೂ ಗೊತ್ತಿತ್ತಾ?"

ಹೈರಮ್ ಲೋಟದೊಳಗೆ ನೋಡಿದ.

"ಇಲ್ಲಿ ಹಿಮ ಕುಸಿಯುತ್ತೆ ವರ್ನಾ," ಎಂದ ಡೆಲ್ಮರ್. "ನಿನ್ನ ಒಳ್ಳೇದಕ್ಕೇ…"

"ಬರಬೇಡ ಅಂದಿದ್ರೆ ಜಗಳ ಆಡಿ ಸುಮ್ಮನಾಗ್ತಿದ್ದೆ. ಪುಕ್ಕಲಿ ಅಂತ ಯಾಕೋ ನಂಬಿಸಿದೆ? ಆರು ವರ್ಷ ನಾನೂ ಹಾಗೇ ಅಂದ್ಕೊಂಡಿದ್ದೆನಲ್ಲೋ!"

ಅವಳು ಜೇಬಿನಿಂದ ಹಳೆಯ ತೂಕಗಳನ್ನು ತೆಗೆದು ಡೆಲ್ಮರನ ಕಾಲ ಬಳಿ ಹಿಮಕ್ಕೆ ಹಾಕಿದಳು. ಆಮೇಲೆ ಹೆಬ್ಬೆರಳೊತ್ತಿ, ಯಾರಿಗೂ ಕಾಯದೆ, ಬೆಟ್ಟದ ಆಚೆ ಬದಿಗೆ ಇಳಿದುಹೋದಳು. ಸಾಸೇಜ್ ಡಬ್ಬಿ ಅವಳ ಜೊತೆಗೇ ಹೋಯಿತು.