ಕೆಳಗೆ ಬಾರದ ಕುಡಗೋಲು

ಮತ್ತೆ ತಿರುಗಿತು ಶೇಖವ್ವನ ಕುತ್ತಿಗೆ, ತಿಳವಳ್ಳಿ ದಾರಿಯ ಕಡೆಗೆ, ಮಿಷನ್ ದವಾಖಾನೆಯ ಗಂಟೆ ಇರುವ ಕಡೆಗೆ — ಇದು ನಾಲ್ಕನೆಯ ಸಲ, ಶಂಕ್ರವ್ವ ಎಣಿಸುತ್ತಲೇ ಇದ್ದಾಳೆ, ಕೈ ತನ್ನ ಪಾಡಿಗೆ ಭತ್ತ ಕೊಯ್ಯುತ್ತದೆ, ಕಣ್ಣು ಮಾತ್ರ ಮಗಳ ಬೆನ್ನಿನ ಮೇಲೆ. ಶನಿವಾರ ಬಂತೆಂದರೆ ಈ ಹುಡುಗಿಗೆ ಮುಳ್ಳಿನ ಮೇಲೆ ನಿಂತ ಹಾಗೆ. ಸಂಜೆ ಗಂಟೆ ಬಾರಿಸಿತೋ, ಅರ್ಧ ಸಾಲು ಬಿಟ್ಟು ಹೊರಟೇಬಿಡುತ್ತಾಳೆ, ಮೂರು ವಾರದಿಂದ ಇದೇ ಆಟ, ನಿನ್ನೆ ಸಾವಕಾರ ಕುಬೇರಪ್ಪ ಬದುವಿನ ಮೇಲೆ ನಿಂತು ಹೇಳಿದನಲ್ಲ, ಶಂಕ್ರವ್ವಾ, ಆಳು ಕರ್ಕೊಂಡು ಬರಾಕಿ ನೀನು, ನಿನ್ನ ಮಗಳಽ ಹಿಂಗ ಎದ್ದು ಹೋದ್ರ ಉಳಿದಾರು ಕೇಳ್ತಾರೇನು, ನಾಳೆ ಮತ್ತ ಹೋದ್ಲಂದ್ರ ನಿನ್ನ ಗುಂಪಽ ಬ್ಯಾಡ, ಅಬಲೂರ ಕಡಿಂದ ಆಳ ತರಸ್ತೇನಿ. ಹನ್ನೆರಡು ಹೆಂಗಸರ ಹೊಟ್ಟೆಯ ಮಾತು. ಅಂಥಾದ್ದೇನಿದೆ ಆ ದವಾಖಾನೆಯಲ್ಲಿ? ಯಾವನಾದರೂ ಇದ್ದಾನೆಯೇ? ಜಾತಿ ಬಿಡಿಸುತ್ತಾರೆಯೇ? ಕೇಳಿದರೆ ಮಗಳದು ಒಂದೇ ಮಾತು, ಏನಿಲ್ಲ ತಗೋ ಅವ್ವಾ, ಕುಡಗೋಲವ್ವನ ಮುಂದ ಒಂದೀಟು ಕುಂತು ಬರ್ತೇನಿ, ನಮ್ಮಕ್ಕನಂಗ ಕಾಣ್ತಾಳ. ಕುಡಗೋಲವ್ವನಂತೆ! ಹಿಮ ಬೀಳುವ ದೇಶದ ಯಾವಳೋ ಸಂತಳು, ನೊಟ್‌ಬುರ್ಗಾ ಅಂತ ಹೆಸರು, ನಾಲಿಗೆ ಹೊರಳುವುದಿಲ್ಲವೆಂದು ಹೆಂಗಸರು ಹೀಗೆ ಕರೆಯುತ್ತಾರೆ, ಅವಳು ಅಕ್ಕನಂತೆ ಕಾಣುತ್ತಾಳಂತೆ.

ಹೋದ ಶನಿವಾರ ಶಂಕ್ರವ್ವ ಕದ್ದು ಹಿಂದೆ ಹೋಗಿದ್ದಳು, ನೋಡಿಯೇಬಿಡೋಣವೆಂದು, ಬಾಗಿಲ ಮರೆಯಲ್ಲಿ ನಿಂತು. ಗೋಡೆಯ ಮೇಲೊಂದು ಫೋಟೊ, ತಲೆಗೆ ವಸ್ತ್ರ ಕಟ್ಟಿದ ಹೆಣ್ಣು, ಕಂಕುಳಲ್ಲಿ ಕೊಯ್ದ ತೆನೆಯ ಸಿವುಡು, ಮುಂದೆ ಕುಡಗೋಲು — ಕೈಯಲ್ಲಿ ಹಿಡಿದದ್ದಲ್ಲ, ಗಾಳಿಯಲ್ಲಿ ನಿಂತದ್ದು. ಮಂಗಳೂರ ಕಡೆಯ ಸಿಸ್ಟರು ಪುಸ್ತಕ ಓದಿದಂತೆ ಹೇಳುತ್ತಿದ್ದಳು, ಇವಳು ಏಳು ನೂರು ವರ್ಷದ ಹಿಂದಿನವಳು, ದೊಡ್ಡವರ ಮನೆಯಲ್ಲಿ ಅಡಿಗೆ ಮಾಡುತ್ತಿದ್ದಳು, ಉಳಿದ ಊಟ ಬಡವರಿಗೆ ಕೊಟ್ಟದ್ದಕ್ಕೆ ಹೊರಗೆ ಹಾಕಿದರು, ರೈತನೊಬ್ಬನ ಹೊಲಕ್ಕೆ ಆಳಾಗಿ ಸೇರಿದಳು, ಶನಿವಾರ ಸಂಜೆ ಗಂಟೆ ಬಾರಿಸಿದರೆ ಪ್ರಾರ್ಥನೆಗೆ ಬಿಡಬೇಕೆಂದು ಕರಾರು, ಒಂದು ಸಂಜೆ ಆತ ಬಿಡಲಿಲ್ಲ, ಇನ್ನಷ್ಟು ಕೊಯ್ದು ಹೋಗು ಅಂದ, ಇವಳು ಕುಡಗೋಲನ್ನು ಮೇಲಕ್ಕೆ ಎಸೆದಳು, ಇದೇ ನ್ಯಾಯ ಹೇಳಲಿ ಅಂದಳು, ಕುಡಗೋಲು ಕೆಳಗೆ ಬೀಳಲಿಲ್ಲ. ಅಯ್ ಯವ್ವಾ ಎಂದರು ಅಲ್ಲಿ ಕುಳಿತ ಹೆಂಗಸರೆಲ್ಲ. ಶಂಕ್ರವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಏಳು ನೂರು ವರ್ಷವಂತೆ, ಯಾರ ಕಿವಿಗೆ ಹೂವಿಡುತ್ತಾಳೆ? ಇದು ಏಳು ವರ್ಷದ ಹಿಂದಿನ ಮಾತು, ನಾನು ಕೊಯ್ದ ಹೊಲದ ಮಾತು. ಸಿಸ್ಟರು ಮುಂದೆ ಹೇಳಿದಳು, ಸತ್ತ ಮೇಲೆ ಅವಳನ್ನು ಗಾಡಿಯಲ್ಲಿ ಮಲಗಿಸಿ, ಹೊಡೆಯುವವರಿಲ್ಲದೆ ಎತ್ತುಗಳನ್ನು ಬಿಟ್ಟರು, ಎತ್ತು ನಿಂತಲ್ಲೇ ಮಣ್ಣು ಮಾಡಿದರು — ಅಗೋ, ಗಾಡಿಯ ಸುದ್ದಿಯೂ ಬಂತು! ಬೇಕೆಂತಲೇ ಹೆಣೆದಿದ್ದಾಳೆ ಮನೆಮುರುಕಿ, ನನ್ನ ಗುಟ್ಟಿಗೆ ಸಂತಳ ಸೀರೆ ಉಡಿಸಿ ನನ್ನ ಮಗಳ ಮುಂದೆಯೇ ಕೂರಿಸಿದ್ದಾಳೆ.

ಯಾರು ಹೇಳಿದರು ಅವಳಿಗೆ? ಎಮರ್ಜೆನ್ಸಿ ಬಂದ ವರ್ಷದ ಸುಗ್ಗಿ, ಇದೇ ಹೊಲ, ಉಳಿದವರು ಹೋಗಿಯಾಗಿತ್ತು, ತಾನು ಮತ್ತು ಹಿರಿಯ ಮಗಳು ಗುತ್ತೆವ್ವ ಇಬ್ಬರೇ, ಅವ್ವಾ, ಕಣ್ಣ ಕಾಣವಲ್ದು, ನಡಿ ಹೋಗೂಣು, ಇದೊಂದು ಸಾಲು ಮುಗಿಸೇಬಿಡು ಮಗಳ, ಸಾವಕಾರ ಮೆಚ್ತಾನ — ಬದುವಿನ ಹತ್ತಿರ ಹುಳ ಮುಟ್ಟಿತು, ಹಾವು ಎಂದು ಬಾಯಿಬಿಟ್ಟು ಅನ್ನಬಾರದು, ಮೀನಖಂಡದ ಮೇಲೆ ಎರಡೇ ಎರಡು ಚುಕ್ಕೆ. ಮಿಷನ್ ದವಾಖಾನೆ ಆಗಿನ್ನೂ ಇರಲಿಲ್ಲ, ಹಾನಗಲ್ಲ ದವಾಖಾನೆಗೆಂದು ಗಾಡಿ ಕಟ್ಟಿದರು, ಅಕ್ಕನ ತಲೆ ಹತ್ತು ವರ್ಷದ ಶೇಖವ್ವನ ತೊಡೆಯ ಮೇಲೆ, ಹಳ್ಳದ ಹತ್ತಿರ ಎತ್ತುಗಳು ಗಕ್ಕನೆ ನಿಂತವು, ಎಷ್ಟು ಹೊಡೆದರೂ ಕದಲಲಿಲ್ಲ, ಕಂದೀಲು ಹಿಡಿದು ನೋಡಿದರೆ ಉಸಿರಿಲ್ಲ. ಸಾವಕಾರನೇ ಅವಳನ್ನು ಕತ್ತಲಾಗುವ ತನಕ ನಿಲ್ಲಿಸಿಕೊಂಡಿದ್ದನೆಂದು ಊರು ಶಾಪ ಹಾಕಿತು, ಆ ದಿನ ಅವನು ಹೊಲದ ಕಡೆ ಸುಳಿದೇ ಇರಲಿಲ್ಲ, ಶಂಕ್ರವ್ವ ಸೆರಗನ್ನು ಬಾಯಿಗೊತ್ತಿಕೊಂಡು ಸುಮ್ಮನಿದ್ದಳು, ಇಂದಿಗೂ ಸುಮ್ಮನಿದ್ದಾಳೆ. ಮಣ್ಣು ಮಾಡಿ ಬಂದ ದಿನವೇ ಶೇಖವ್ವ ಹೊಲಕ್ಕೆ ಓಡಿ ಅಕ್ಕನ ಕುಡಗೋಲು ತಂದು ಕೈಗಿಟ್ಟಳು — ಯಾಕೆ ತಂದಳು, ನನ್ನ ಮನಸ್ಸು ಚುಚ್ಚಲಿಕ್ಕೇ ತಂದಿರಬೇಕು. ಅದನ್ನು ಸೂರಿನ ಗಳಕ್ಕೆ ಸಿಕ್ಕಿಸಿದವಳು ಮತ್ತೆ ಮುಟ್ಟಿಲ್ಲ, ಅಂಗಾತ ಮಲಗಿದರೆ ಕಣ್ಣೆದುರು ಅದೇ. ಹುಸೇನಬಿ ಹೇಳಿರಬಹುದೇ? ಪಕ್ಕದ ಸಾಲಿನಲ್ಲಿ ಕೊಯ್ಯುತ್ತಾ ಮೊನ್ನೆ ನಕ್ಕಳಲ್ಲ, ಆ ಕಥಿಗೆ ನೀ ಯಾಕ ಉರ್ಕೊಳ್ತಿ ಶಂಕ್ರಕ್ಕಾ, ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗಾತು. ಎಲಾ ಇವಳ! ಆದರೆ ಇವಳಿಗೆ ಗೊತ್ತಾಗುವುದಾದರೂ ಹೇಗೆ, ಗೊತ್ತಿದ್ದವರು ಇಬ್ಬರೇ, ಒಬ್ಬಳು ಮಣ್ಣಾದಳು. ಆದರೂ ಗಾಡಿಯಲ್ಲಿ ಗುತ್ತೆವ್ವ ತಂಗಿಯ ಕಿವಿಗೆ ಏನೋ ಅಂದಿದ್ದಳು, ತುಟಿ ಅಲುಗಿದ್ದು ಕಂಡಿತ್ತು, ಗಾಲಿಯ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಏಳು ವರ್ಷ ಕೇಳುವ ಧೈರ್ಯವಾಗಿಲ್ಲ. ಅವ್ವನೇ ನನ್ನ ಕೊಂದಳು ಅಂದಿರಬೇಕು, ಈ ಕಳ್ಳಿ ಅದನ್ನೇ ಹೋಗಿ ಸಿಸ್ಟರಿಗೆ ಒಪ್ಪಿಸಿರಬೇಕು.

ಗಂಟೆ. ಢಣ್, ಢಣ್ — ಶೇಖವ್ವ ಎದ್ದೇ ನಿಂತಳು, ಬದುವಿನಿಂದ ಸಾವಕಾರನ ಧ್ವನಿ, ಶಂಕ್ರವ್ವಾ, ಇದೊಂದು ಸಾಲು ಮುಗಿಸೇಬಿಡು ಅನ್ನು ಆಕಿಗೆ — ಅದೇ ಮಾತು, ಅಕ್ಷರ ಅಕ್ಷರ ಅದೇ, ಇವನ ಕಿವಿಗೂ ಮುಟ್ಟಿದೆಯೇ? ಹೆಂಗಸರೆಲ್ಲ ಕೈ ನಿಲ್ಲಿಸಿ ತನ್ನ ಬಾಯನ್ನೇ ನೋಡುತ್ತಾರೆ. ನಿಲ್ಲು ಅನ್ನಬೇಕು, ಅನ್ನು, ಬಾಯಿಗೆ ಬಂದದ್ದೇ ಬೇರೆ. ಗಾಡ್ಯಾಗ ನಿಮ್ಮಕ್ಕ ನಿನಗ ಏನಂದ್ಲ? ಶೇಖವ್ವ ತಬ್ಬಿಬ್ಬಾದಳು, ಈಗ ಯಾಕವ್ವಾ ಅದು. ಹೇಳ, ನನ್ನ ಹೆಸರ ತಗದ್ಲಿಲ್ಲೋ? ಹೂಂ, ತಗದ್ಲು — ಕುಡಗೋಲ ಹೊಲದಾಗ ಬಿಟ್ಟು ಬಂದೇನಿ, ಹುಡುಕಿ ತಗೊಂಡು ಬಾ, ಇಲ್ಲಂದ್ರ ಅವ್ವ ಬೈತಾಳ, ಅಂದ್ಲು. ಅಷ್ಟೇನಾ? ಅಷ್ಟವ್ವಾ. ಅಷ್ಟೇ. ಸಾವಕಾರ ಏನೋ ಕೂಗುತ್ತಾನೆ, ಗಂಟೆ ಇನ್ನೂ ನಿಂತಿಲ್ಲ, ಹೋಗು ಮಗಳ ಎಂದವಳು ತಾನೇ ಇರಬೇಕು, ಎಲ್ಲಾರೂ ಹೋಗ್ರೆವ್ವಾ, ಅವತ್ತು ಗುತ್ತೆವ್ವನ್ನ ನಿಲ್ಲಿಸಿದಾಕಿ ನಾನು, ಸಾವಕಾರ ಅಲ್ಲ, ನಾನು — ಹುಸೇನಬಿ ಓಡಿ ಬರುತ್ತಾಳೆ, ಶಂಕ್ರಕ್ಕಾ, ಕೈ ಇಳಸು, ಕುಡಗೋಲ ಕೆಳಗಿಡು, ಈ ಕೈ ಯಾವಾಗ ಮೇಲೆದ್ದಿತೋ ತನಗೇ ಗೊತ್ತಿಲ್ಲ, ಎತ್ತಿದ ಕೈ ಎತ್ತಿದಂತೆಯೇ, ಅವ್ವ ಬೈತಾಳ, ಸೂರಿನಲ್ಲಿ ಆ ಕುಡಗೋಲು, ಅವ್ವ ಬೈತಾಳ, ಗೋಡೆಯ ಮೇಲೆ ಆ ಕುಡಗೋಲು, ಕೈಯಲ್ಲಿ ಇದು, ಗಾಳಿಯಲ್ಲಿ, ಅವ್ವ ಬೈತಾಳ, ಕುಡಗೋಲು, ಕುಡಗೋಲು